ಡೇರೆ ಹೊತ್ತು ಹೊರಟವರು

ಡೇರೆ ಧೊಪ್ಪೆಂದು ಕುಸಿದಾಗ ಹೊಂಬಾಳಮ್ಮ ಅದರ ಒಳಗಿದ್ದಳು.

ಒಂದು ಕ್ಷಣ ಎಲ್ಲ ಕತ್ತಲೆ. ಹಳೆಯ ಕ್ಯಾನ್ವಾಸಿನ ಮುಗ್ಗಲು ವಾಸನೆ, ಬಾಯಿ ತುಂಬ ಧೂಳು... ಹೊರಗೆ ಶಾಲೆಯ ಅಂಗಳದಲ್ಲಿ ಹುಡುಗಿಯರು ಒಮ್ಮೆ ಕಿರುಚಿದರು. ಆಮೇಲೆ ನಗು ತಡೆಯಲಾರದೆ ಒದ್ದಾಡುವುದು ಕೇಳಿಸಿತು.

"ಯಾರೇ ಅದು ಗೂಟ ಕಿತ್ತವಳು?"

ಉತ್ತರ ಬಂದದ್ದು ಗಂಡಸಿನ ದನಿಯಲ್ಲಿ.

"ಅಗ್ಗ ಕಾಲಿಗೆ ಸಿಕ್ಕಾಕ್ಕಂತು. ಮಕ್ಳ ಒಳೆಗೆ ಕರ್ಕಂಡೋಯ್ತೀನಿ ಅಂತ ಎದ್ದು ನಿಂತಿರೋರು ಯಾರು ಇಲ್ಲಿ?"

"ನಾನೇ" ಎಂದಿತು ಕುಸಿದ ಡೇರೆ. "ಮೊದಲು ಇದನ್ನ ಎತ್ತಿ. ಆಮೇಲೆ ಜಗಳ ಆಡೋಣ."

ಹುಡುಗಿಯರ ನಗು ಈಗ ತಡೆಯಿಲ್ಲದೆ ಹರಿಯಿತು.

ಕ್ಯಾನ್ವಾಸಿನ ಅಂಚು ಮೇಲೆದ್ದಿತು. ಬೆಳಕು ಕಣ್ಣಿಗೆ ಚುಚ್ಚಿತು. ಆ ಬೆಳಕಿನಲ್ಲಿ ಎತ್ತರದ ಆಳೊಬ್ಬ ಬಗ್ಗಿ ನಿಂತಿದ್ದ. ತಲೆಗೆ ಸುತ್ತಿದ ಟವೆಲು, ತೋಳಿನ ಮೇಲೆ ಕಬ್ಬಿನ ಗರಿ ಕೊಯ್ದ ಗೀರುಗಳು, ಮುಖದಲ್ಲಿ ಕೋಪ. ಅವಳ ಕೂದಲ ತುಂಬ ಮೆತ್ತಿದ ಧೂಳನ್ನು ನೋಡಿ ಆ ಕೋಪ ಒಂದು ಗಳಿಗೆ ದಾರಿ ತಪ್ಪಿತು. ಮತ್ತೆ ಸಾವರಿಸಿಕೊಂಡ.

"ನಾನು ಅಂಕಯ್ಯ. ಸೋಮನಳ್ಳಿ. ಮಾಯಮ್ಮನ ಚಿಕ್ಕಪ್ಪ. ಅವ್ಳು ನಿಮ್ ಜೊತೆ ಬರಾಕಿಲ್ಲ."

"ಯಾಕೆ?"

"ಬ್ಯಾಡ ಅಂದ್ರೆ ಬ್ಯಾಡ ಕಣಮ್ಮ."

ಅಷ್ಟೇ ಹೇಳಿ ಹೊರಟುಬಿಟ್ಟ. ಕಬ್ಬಿಣದ ಗೇಟಿನಾಚೆ ಕಬ್ಬು ತುಂಬಿದ ಅವನ ಎತ್ತಿನ ಗಾಡಿ ಸಕ್ಕರೆ ಕಾರ್ಖಾನೆಯ ಕಡೆ ಮುಖ ಮಾಡಿ ನಿಂತಿತ್ತು.

'ಎಂಥಾ ಒರಟ...' ಹೊಂಬಾಳಮ್ಮ ಸೆರಗು ಕೊಡವಿಕೊಂಡಳು. ಆದರೆ ಆ ಒರಟ, ಬೇಡ ಎನ್ನುವಾಗ, ಹಿಡಿದ ಹಗ್ಗವನ್ನು ಮುಷ್ಟಿಗೆ ಬಿಗಿಯಾಗಿ ಸುತ್ತಿಕೊಂಡಿದ್ದನಲ್ಲ? ಅದು ಅವಳ ಕಣ್ಣಿಗೆ ಬಿದ್ದಿತ್ತು.

* * *

ಅದು ಸಾವಿರದ ಒಂಬೈನೂರ ನಲವತ್ತೈದರ ಜನವರಿ. ಮಂಡ್ಯದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಂಬಾಳಮ್ಮ ಟೀಚರು. ಊರು ಮಳವಳ್ಳಿ ತಾಲ್ಲೂಕಿನ ಬಂಡೂರು. ಇಪ್ಪತ್ತಮೂರು ತುಂಬಿದರೂ ಮದುವೆಯಾಗಿಲ್ಲ ಎಂದು ಊರಿನವರು ಅವಳ ತಾಯಿಯನ್ನು ಚುಚ್ಚುತ್ತಿದ್ದರು. ಬಂದ ಗಂಡುಗಳೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಕೆಲಸ ಯಾವಾಗ ಬಿಡುತ್ತಾಳೆ?

ಅವಳಿಗೆ ಈಗ ಬೇರೆಯದೇ ಹುಚ್ಚು. ಗೈಡ್ಸ್ ತಂಡದ ಒಂಬತ್ತು ಹುಡುಗಿಯರನ್ನು ಬೆಳಕವಾಡಿಯ ಆಚೆ, ಕಾವೇರಿ ದಡದಲ್ಲಿರುವ ತನ್ನ ಸೋದರಮಾವನ ಮಾವಿನ ತೋಪಿಗೆ ಕರೆದೊಯ್ದು, ಡೇರೆ ಹಾಕಿ, ಕಲ್ಲು ಜೋಡಿಸಿ ಒಲೆ ಹೂಡಿ, ನಕ್ಷತ್ರಗಳ ಕೆಳಗೆ ಮಲಗಿಸಿ ಕರೆತರಬೇಕು. ಆ ಹುಡುಗಿಯರಲ್ಲಿ ಬಹುಪಾಲು ಜನ ಅಪ್ಪನ ಮನೆ, ಶಾಲೆ, ನಾಳೆ ಗಂಡನ ಮನೆ... ಇಷ್ಟನ್ನೇ ನೋಡುವವರು. ಒಂದೇ ಒಂದು ಸಲ ಬಯಲಿನಲ್ಲಿ ಅವರು ತಮ್ಮ ಮನೆಯನ್ನು ತಾವೇ ಕಟ್ಟಬೇಕು.

ಆದರೆ ಹೋಗುವುದು ಹೇಗೆ?

ಯುದ್ಧದ ದೆಸೆಯಿಂದ ಪೆಟ್ರೋಲು ಕಣ್ಣಿಗೂ ಕಾಣುತ್ತಿರಲಿಲ್ಲ. ಶಾಲೆಗೆ ಕಾರು ಕೊಡುತ್ತೇನೆಂದಿದ್ದ ಸಾಹುಕಾರರು ಕಾರಿಗೆ ಗೋಣಿತಾಟು ಹೊದಿಸಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರು. ಮಳವಳ್ಳಿ ಕಡೆಗಿದ್ದ ಒಂದು ಬಸ್ಸು ಇದ್ದಿಲ ಗ್ಯಾಸಿನ ಮೇಲೆ ಕೆಮ್ಮುತ್ತ ಓಡುತ್ತಿತ್ತು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು.

"ರೈಲಿದೆಯಲ್ಲ ಟೀಚರ್" ಎಂದಿದ್ದಳು ಮಾಯಮ್ಮ, ಎಲ್ಲರ ಬಾಯಲ್ಲಿ ಮಾಯಿ, ಎಲ್ಲರಿಗಿಂತ ಮೊದಲು. "ಮದ್ದೂರಿನವರೆಗೆ ರೈಲು. ಅಲ್ಲಿಂದ ಎತ್ತಿನ ಗಾಡಿ."

ಹಾಗೆ ಹುಟ್ಟಿದ ಯೋಜನೆ ಅದು. ಮದ್ದೂರಿನ ಚಿಕ್ಕಬೋರಯ್ಯ ಎರಡು ಗಾಡಿ ಕಟ್ಟಲು ಒಪ್ಪಿದ್ದ. ಮದುವೆ ಚಪ್ಪರಗಳಿಗೆ ಡೇರೆ ಬಾಡಿಗೆ ಕೊಡುವ ನಜೀರ್ ಅಹ್ಮದ್, ತೇಪೆ ಹಾಕಿದ ಹಳೆಯ ಡೇರೆಯೊಂದನ್ನು ಕೊಟ್ಟಿದ್ದ. ಅವನ ಅಕ್ಕ ಸುಲ್ತಾನ್ ಬೀ ಇದೇ ಶಾಲೆಯ ಆಯಾ. ಅಡಿಗೆಗೆ, ಕಾವಲಿಗೆ ತಾನೂ ಬರುತ್ತೇನೆಂದು ಟೊಂಕ ಕಟ್ಟಿದ್ದಳು.

ಈಗ ಈ ಅಂಕಯ್ಯ!

ಹೆಡ್‌ಮಿಸ್ಟ್ರೆಸ್ ಕನ್ನಡಕ ಸರಿಪಡಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದರು. "ಒಂದು ಮನೆಯವರು ತಕರಾರು ತೆಗೆದರೂ ನಾನು ಯಾರನ್ನೂ ಕಳಿಸುವುದಿಲ್ಲ ಹೊಂಬಾಳಮ್ಮ. ನಾಳೆ ಹೆಚ್ಚುಕಡಿಮೆಯಾದರೆ ಉತ್ತರ ಕೊಡಬೇಕಾದವಳು ನಾನು."

ಮಾಯಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. "ನನ್ನಿಂದ ಎಲ್ಲರದೂ ಹಾಳಾಯ್ತು ಟೀಚರ್..."

"ಇನ್ನೂ ಏನೂ ಹಾಳಾಗಿಲ್ಲ" ಎಂದು ಹೊಂಬಾಳಮ್ಮ ಅವಳ ಜಡೆ ನೇವರಿಸಿದಳು. "ನಿನ್ನ ಚಿಕ್ಕಪ್ಪ ಡೇರೆ ಕೆಡವಿದರೆ ನಾವು ಮತ್ತೆ ಕಟ್ಟಲಿಲ್ಲವಾ?"

* * *

ಭಾನುವಾರ ಸುಲ್ತಾನ್ ಬೀಯನ್ನು ಕರೆದುಕೊಂಡು ಅವಳು ಸೋಮನಹಳ್ಳಿಗೇ ಹೋದಳು. ಮದ್ದೂರಿನವರೆಗೆ ರೈಲು, ಆಮೇಲೆ ಜಟಕಾ. ದಾರಿಯುದ್ದಕ್ಕೂ ಅಂಕಯ್ಯನಿಗೆ ಹೇಳಬೇಕಾದ ಖಾರದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಅಂಕಯ್ಯ ಮನೆಯಲ್ಲಿರಲಿಲ್ಲ. ಜಗಲಿಯಲ್ಲಿ ಮಾಯಿಯ ತಾಯಿ ಮಂಚಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಬರಿಗೊರಳು, ಬರಿಹಣೆ.

"ಬನ್ನಿ ಟೀಚರಮ್ಮ. ನಮ್ ಅಂಕಯ್ಯನ್ ಮ್ಯಾಲೆ ಕ್ವಾಪ ಮಾಡ್ಕಂಡು ಬಂದಿರಂಗದೆ."

ಹೊಂಬಾಳಮ್ಮನಿಗೆ ನಾಚಿಕೆಯಾಯಿತು. ಸುಮ್ಮನೆ ಚಾಪೆಯ ಮೇಲೆ ಕೂತು ತಾನೂ ಕಾಯಿ ಸುಲಿಯತೊಡಗಿದಳು.

ಮಂಚಮ್ಮ ತಾನಾಗಿಯೇ ಹೇಳಿದಳು. "ನಾಕು ವರ್ಸ ಆಯ್ತು ಕಣಮ್ಮ. ಅಣ್ತಮ್ಮ ಇಬ್ರೂವೆ ಶಿವನಸಮುದ್ರ ನೋಡ್ಕಂಡ್ ಬತ್ತೀವಿ ಅಂತ ಓದ್ರು. ಸ್ನಾನಕ್ಕೆ ಇಳಿದಾಗ ನಮ್ಮೆಜಮಾನ್ರ ಕಾಲು ಬಂಡೆ ಮ್ಯಾಲೆ ಜಾರ್ತು. ಅಂಕಯ್ಯ ಕೈ ಇಡ್ಕಂಡಿದ್ದ... ಕೈ ಜಾರೋಯ್ತು."

ಅವರೆಕಾಳು ಮೊರದಲ್ಲಿ ಟಪಟಪ ಬೀಳುತ್ತಿತ್ತು.

"ಅವತ್ನಿಂದ ಅವ್ನು ಊರ ಕೆರೆ ಏರಿ ಮ್ಯಾಲೂ ಓಗಾಕಿಲ್ಲ. ಮದ್ವೆ ಬ್ಯಾಡ ಅಂದ. ನನ್ನೂ ಮಗೀನೂ ಸಾಕ್ತಾ ಅವ್ನೆ. ನನ್ನ ಕೇಳಿದ್ರೆ ನಾನು ಕಳಿಸ್ತೀನಿ. ನನ್ ಮಗ್ಳು ನೀರ್ಗೆ ಎದ್ರುಕಂಡೇ ಬದ್ಕೋದು ನಂಗೆ ಇಷ್ಟಿಲ್ಲ. ಆದ್ರೆ ಅವ್ನ ಮನ್ಸ ಮುರ್ದು ಕಳಿಸಾಕಿಲ್ಲ."

ಜೋಡಿಸಿಟ್ಟುಕೊಂಡಿದ್ದ ಖಾರದ ಮಾತುಗಳೆಲ್ಲ ಹೊಂಬಾಳಮ್ಮನ ಎದೆಯಲ್ಲೇ ಕರಗಿಹೋದವು.

ಗದ್ದೆಯಲ್ಲಿ ಅಂಕಯ್ಯ ಗಾಡಿಗೆ ಕಬ್ಬು ಹೇರುತ್ತಿದ್ದ. ಬದುವಿನ ಮೇಲೆ ಬರುತ್ತಿದ್ದ ಅವಳನ್ನು ಕಂಡು ಕೈಯಲ್ಲಿದ್ದ ಹೊರೆಯನ್ನು ಕೆಳಗಿಟ್ಟ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಅತ್ಗೆ ಏಳ್ಬುಟ್ಟವ್ರೆ."

"ಹೇಳಿದರು."

ಗಾಳಿಗೆ ಕಬ್ಬಿನ ಗರಿಗಳು ಸರಸರ ಎಂದವು.

"ನಿಮಗೆ ಭಯ ಬೇಡ ಅಂತ ಹೇಳೋಕೆ ನಾನು ಬಂದಿಲ್ಲ" ಎಂದಳು ಹೊಂಬಾಳಮ್ಮ ಮೆಲ್ಲಗೆ. "ಅದು ನನ್ನ ಕೈಲಿ ಆಗೋ ಕೆಲಸ ಅಲ್ಲ. ಆದರೆ ಒಂದು ಮಾತು ಕೊಡ್ತೀನಿ. ಯಾವ ಮಗುವನ್ನೂ ಪಾದ ಮುಳುಗೋದಕ್ಕಿಂತ ಹೆಚ್ಚು ನೀರಿಗೆ ಇಳಿಸೋದಿಲ್ಲ. ನಾನು ಮುಂದೆ ನಿಂತಿರ್ತೀನಿ. ಅಷ್ಟಾದ ಮೇಲೂ ಬೇಡ ಅಂದರೆ, ಬೇಡ. ನಿಮ್ಮ ಮೇಲೆ ನನಗೆ ಬೇಜಾರಿಲ್ಲ."

ಅಂಕಯ್ಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಬೆವರನ್ನೋ, ಇನ್ನೇನನ್ನೋ.

"ನಮ್ಮಣ್ಣ ಇದ್ದಿದ್ರೆ ಕಳಿಸ್ತಿದ್ದ. ಅವ್ನೇ ಒತ್ಕಂಡ್ ಓಯ್ತಿದ್ದ." ಅವನು ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡ. "ಕರ್ಕಂಡೋಗಿ ಟೀಚರಮ್ಮ... ಗಾಡಿ ಯಾರ್ದು?"

"ಮದ್ದೂರಿನ ಚಿಕ್ಕಬೋರಯ್ಯನದು."

"ಊಂ" ಎಂದ. ಒಂದು ಕಟ್ಟು ಕಬ್ಬನ್ನು ತಂದು ಅವಳ ಮುಂದಿಟ್ಟ. "ಮಕ್ಳಿಗೆ."

ವಾಪಸ್ಸು ಬರುವಾಗ ರೈಲಿನಲ್ಲಿ ಸುಲ್ತಾನ್ ಬೀ ತುಟಿಯಂಚಿನಲ್ಲಿ ನಗುತ್ತಿದ್ದಳು.

"ಕಬ್ಬು ಮಕ್ಕಳಿಗೆ ಅಂದ್ರಲ್ಲ ಬೇಟಿ, ನೀನ್ಯಾಕೆ ಮಗು ತರ ತಬ್ಬಿಕೊಂಡು ಕೂತಿದ್ದೀಯ?"

ಹೊಂಬಾಳಮ್ಮ ತಟ್ಟನೆ ಕಬ್ಬನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಯ ಹೊರಗೆ ನೋಡಿದಳು. ಕೆನ್ನೆ ಬಿಸಿಯಾಗಿತ್ತು. 'ಇದೇನಾಗುತ್ತಿದೆ ನನಗೆ?'

* * *

ಹೊರಡುವ ದಿನ ಹುಡುಗಿಯರಿಗೆ ಬೆಳಗಾಗುವುದೇ ತಡವಾಗಿತ್ತು.

ರಾಗಿ ಹಿಟ್ಟಿನ ಚೀಲ, ಹುರಿಗಾಳು, ಬೆಲ್ಲ, ಎರಡು ಲಾಟೀನು, ಕಂಬಳಿಗಳು. ಡೇರೆಯನ್ನು ಸುರುಳಿ ಸುತ್ತಿ ಹಗ್ಗ ಬಿಗಿದು, ನಾಲ್ವರು ಹೆಗಲ ಮೇಲೆ ಹೊತ್ತು ಸ್ಟೇಷನ್ನಿಗೆ ನಡೆದರೆ ಪೇಟೆಬೀದಿಯ ಜನವೆಲ್ಲ ಅಂಗಡಿ ಬಿಟ್ಟು ಹೊರಬಂದರು. ರೈಲಿನಲ್ಲಿ ಹಾಡಿದ್ದೇ ಹಾಡಿದ್ದು. ಮಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿದವಳು ಎಂಜಿನ್ನಿನ ಕಲ್ಲಿದ್ದಲ ಕಿಡಿ ಕಣ್ಣಿಗೆ ಬಿದ್ದರೂ ಒಳಗೆಳೆದುಕೊಳ್ಳಲಿಲ್ಲ.

ಮದ್ದೂರು ಸ್ಟೇಷನ್ನಿನ ಹೊರಗೆ ಗಾಡಿಗಳಿರಲಿಲ್ಲ.

ಕಾದರು. ಬಿಸಿಲೇರಿತು. ವಡೆ ಮಾರುವವನೊಬ್ಬ ಬುಟ್ಟಿ ಇಳಿಸಿ, "ಯಾರ್ಗೆ ಕಾಯ್ತಾ ಇದ್ದೀರಿ ಅಮ್ಮಾವ್ರೆ?" ಎಂದ.

"ಚಿಕ್ಕಬೋರಯ್ಯನ ಗಾಡಿಗೆ."

"ಅದು ಬರಾಕಿಲ್ಲ ಬುಡಿ. ನೆನ್ನೆ ಸಂತೆ ಮಾಳದಲ್ಲಿ ನಾನೇ ಕೇಳಿಸ್ಕಂಡೆ. ಸೋಮನಳ್ಳಿ ಅಂಕಯ್ಯ ಬಂದು, ಇಸ್ಕೂಲ್ ಮಕ್ಳಿಗೆ ನೀನು ಗಾಡಿ ಕಟ್ಟಬ್ಯಾಡ ಕಣ್ಲಾ ಅಂದ್ಬುಟ್ಟು ಓದ್ರು."

ಹೊಂಬಾಳಮ್ಮ ಡೇರೆಯ ಸುರುಳಿಯ ಮೇಲೆ ಕುಸಿದು ಕೂತಳು.

'ಹಾಗಾದರೆ ಆ ಗದ್ದೆಯಲ್ಲಿ... ಆ ಕಣ್ಣೀರು, ಆ ಮಾತು... ಎದುರಿಗೆ ಹೂಂ ಎಂದು, ಹಿಂದಿನಿಂದ ದಾರಿ ಕಡಿದನೇ? ನಾನು ಆ ಮನುಷ್ಯನನ್ನು ನೆನೆದು ಎಷ್ಟು ರಾತ್ರಿ ನಿದ್ದೆಗೆಟ್ಟೆ!'

ಕಣ್ಣು ತುಂಬಿಬಂತು. ಆದರೆ ಒಂಬತ್ತು ಮುಖಗಳು ಅವಳನ್ನೇ ನೋಡುತ್ತಿದ್ದವು. ಮಾಯಿ ಮುಂದೆ ಬಂದಳು.

"ನಮ್ಮ ಚಿಕ್ಕಪ್ಪ ಹಂಗೆ ಮಾಡಲ್ಲ ಟೀಚರ್."

ಹೊಂಬಾಳಮ್ಮ ಕಣ್ಣೊರೆಸಿಕೊಂಡು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊಳೆ ಅಂದರೆ ಕಾವೇರಿ ಒಂದೇನಾ? ಶಿಂಷಾ ಇಲ್ಲೇ, ಊರ ಪಕ್ಕದಲ್ಲೇ ಹರೀತಾ ಇದೆ. ಗಾಡಿ ಇಲ್ಲದಿದ್ದರೆ ಹೆಗಲಿದೆ. ಎತ್ತಿ ಡೇರೆ!"

ಮರುಕ್ಷಣ ಸ್ಟೇಷನ್ನೇ ಹಾರಿಹೋಗುವಂಥ ಕೇಕೆ.

ಸುಲ್ತಾನ್ ಬೀ ರಾಗಿ ಚೀಲ ತಲೆಗೇರಿಸಿಕೊಂಡು, "ನಡೀರಿ, ಯಾ ಅಲ್ಲಾ, ಈ ವಯಸ್ಸಲ್ಲಿ ನನ್ನ ದಂಡಿಗೆ ಸೇರಿಸಿಬಿಟ್ರಿ" ಎಂದು ಎಲ್ಲರಿಗಿಂತ ಮುಂದೆ ನಡೆದಳು.

* * *

ಶಿಂಷಾ ದಡದಲ್ಲಿ, ಹೊಂಗೆ ಮರಗಳ ನೆರಳಿನಲ್ಲಿ ಡೇರೆ ಎದ್ದು ನಿಂತಿತು. ಮೂರು ಸಲ ಬಿದ್ದು, ನಾಲ್ಕನೆಯ ಸಲ ನಿಂತಿತು. ಮರಳಿನ ಮೇಲೆ ನೀರು ತೆಳ್ಳಗೆ, ಗಾಜಿನಂತೆ ಹರಿಯುತ್ತಿತ್ತು. ಹೊಂಬಾಳಮ್ಮ ತಾನು ಮೊದಲು ಇಳಿದು ನೋಡಿ, ಪಾದವಷ್ಟೇ ಮುಳುಗುವ ಕಡೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು. ಮಾಯಿ ಕಣ್ಣು ಬಿಗಿಯಾಗಿ ಮುಚ್ಚಿ ಒಂದು ಕಾಲಿಟ್ಟಳು. ಮತ್ತೊಂದು. ಆಮೇಲೆ ಕಣ್ಣು ಬಿಟ್ಟು ನಕ್ಕಳು.

"ತಣ್ಣಗಿದೆ ಟೀಚರ್!"

ಆಗಲೇ ದಡದ ಮೇಲಿಂದ ಯಾರೋ ಓಡಿ ಬಂದರು.

"ಮಾಯೀ..."

ಅಂಕಯ್ಯ! ಟವೆಲು ಎಲ್ಲೋ ಬಿದ್ದುಹೋಗಿತ್ತು. ಮುಳ್ಳು, ಕಲ್ಲು ಏನನ್ನೂ ನೋಡದೆ ಇಳಿದು ಬಂದವನು ನೀರಿನಲ್ಲಿ ಧಡಧಡ ನುಗ್ಗಿ ಮಾಯಿಯನ್ನು ಎರಡೂ ಕೈಯಲ್ಲಿ ಬಾಚಿ ಎದೆಗೊತ್ತಿಕೊಂಡ. ಹುಡುಗಿಯರು ಹಿಂದೆ ಸರಿದರು.

"ಚಿಕ್ಕಪ್ಪ..." ಮಾಯಿ ಅವನ ಕೆನ್ನೆ ಮುಟ್ಟಿ ಮೆತ್ತಗೆ ಹೇಳಿದಳು. "ಕೆಳಗೆ ನೋಡು. ನೀನು ನೀರಲ್ಲಿ ನಿಂತಿದ್ದೀಯ."

ಅವನು ನೋಡಿದ. ಪಾದದ ಸುತ್ತ ನೀರು ಸುಳಿದು, ಸುಮ್ಮನೆ ಮುಂದೆ ಹೋಗುತ್ತಿತ್ತು.

ಹೊಂಬಾಳಮ್ಮನಿಗೆ ಕೋಪ, ಮರುಕ ಎರಡೂ ಒಟ್ಟಿಗೇ ಉಕ್ಕಿದವು. ಸುಲ್ತಾನ್ ಬೀ ಮಾಯಿಯನ್ನು ಅವನ ತೋಳಿನಿಂದ ಇಳಿಸಿಕೊಂಡು, ಕಣ್ಸನ್ನೆ ಮಾಡಿ ಮಕ್ಕಳನ್ನು ಒಲೆಯ ಕಡೆ ಕರೆದೊಯ್ದಳು.

"ಈಗ್ಯಾಕೆ ಬಂದಿರಿ?" ಎಂದಳು ಹೊಂಬಾಳಮ್ಮ. "ಗಾಡಿ ಕಟ್ಟಬೇಡ ಅಂತ ಚಿಕ್ಕಬೋರಯ್ಯನಿಗೆ ಹೇಳಿ, ನನ್ನ ಈ ಮಕ್ಕಳ ಮುಂದೆ ಬೀದೀಲಿ ನಿಲ್ಲಿಸಿದಿರಲ್ಲ. ಬೇಡ ಅನ್ನೋದನ್ನ ನನ್ನ ಮುಖ ನೋಡಿ ಹೇಳಬಹುದಿತ್ತು. ನಾನು ನಿಮ್ಮನ್ನ ನಂಬಿದ್ದೆ."

ಅಂಕಯ್ಯ ಕಕ್ಕಾಬಿಕ್ಕಿಯಾದ.

"ಅಯ್ಯೋ, ಯಾರ್ ಏಳಿದ್ರು ನಿಮ್ಗೆ ಅಂಗಂತ? ಚಿಕ್ಕಬೋರಯ್ಯನ್ ಎತ್ಗೆ ಕಾಲುಬಾಯಿ ಜ್ವರ ಕಣ್ರಮ್ಮ. ಒಂದೆತ್ತು ಕಾಲೇ ಊರ್ತಿರ್ನಿಲ್ಲ. ಆದ್ರೂ ಕಟ್ತೀನಿ ಅಂತ ಕುಂತಿದ್ದ. ನೀನು ಕಟ್ಟಬ್ಯಾಡ ಕಣ್ಲಾ, ನನ್ ಗಾಡಿ ನಾನೇ ಒಡ್ಕಂಡ್ ಬತ್ತೀನಿ, ಇನ್ನೊಂದ್ಕೆ ನಮ್ಮೂರಿನ್ ಎತ್ತು ಕಟ್ಟಿ ನೀನು ಒಡ್ಕಂಡ್ ಬಾ ಅಂದೆ." ಅವನು ದಡದ ಮೇಲೆ ಕೈ ತೋರಿಸಿದ.

ಅಲ್ಲಿ ಎರಡು ಗಾಡಿಗಳು ನಿಂತಿದ್ದವು. ಬಿದಿರು ತಟ್ಟಿಯ ಹೊಸ ಕಮಾನು, ಒಳಗೆ ಮೆತ್ತೆಯಂತೆ ಹಾಸಿದ ಹುಲ್ಲು, ಎತ್ತುಗಳ ಕೊರಳಲ್ಲಿ ತೊಳೆದು ಬೆಳಗಿದ ಗಂಟೆಗಳು. ಹಿಂದಿನ ಗಾಡಿಯ ಮೂಕಿಯ ಮೇಲೆ ಚಿಕ್ಕಬೋರಯ್ಯನೇ ಕೂತಿದ್ದ.

"ರೈಲು ಬರೋಕ್ ಮುಂಚೆ ಬತ್ತಿದ್ದೆ" ಎಂದ ಅಂಕಯ್ಯ. "ದೊಡ್ಡ ರಸ್ತೇಲಿ ಮಿಲ್ಟ್ರಿ ಲಾರಿ ಸಾಲು ಬಂತು. ಗಾಡೀನೆಲ್ಲ ಅಳ್ಳಕ್ಕೆ ಇಳ್ಸಿ ನಿಲ್ಲಿಸ್ಬುಟ್ರು. ಮುಗಿಯೋದೇ ಕಾಣೆ. ಟೇಸನ್ಗೆ ಬಂದ್ರೆ ನೀವಿಲ್ಲ. ಒಳೆ ಕಡೆ ಓದ್ರು ಅಂದ್ರು... ನನ್ ಜೀವ ನಿಂತೋಯ್ತು ಟೀಚರಮ್ಮ."

ಆಮೇಲೆ, ನೀರನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದ.

"ಮಾಯಿ ಒಬ್ಳಿಗೇ ಅಲ್ಲ, ಎದ್ರುಕಂಡಿದ್ದು."

ಹೊಂಬಾಳಮ್ಮ ಒಲೆಯ ಬಳಿಯಿದ್ದ ಮಾಯಿಯ ಕಡೆ ನೋಡಿದಳು. 'ಮಾಯಿ ಹೇಳಿದ್ದಳು. ಮಗುವಿಗೆ ಇದ್ದ ನಂಬಿಕೆ ನನಗಿರಲಿಲ್ಲ...'

"ನನ್ನದು ತಪ್ಪಾಯ್ತು" ಎಂದಳು. "ಅರ್ಧ ಮಾತು ಕೇಳಿ ಅಳೆದುಬಿಟ್ಟೆ ನಿಮ್ಮನ್ನ."

"ನಾನೂ ಮೊದ್ಲೇ ಏಳಿ ಕಳಿಸ್ಬೇಕಿತ್ತು. ಗಾಡಿ ನೋಡಿ ನೀವು ನಗ್ತೀರಿ, ಆ ಮುಖ ನೋಡಾನ ಅನ್ಕಂಡೆ."

ಅವಳು ಅತ್ತುಕೊಂಡೇ ನಕ್ಕಳು.

* * *

ಆ ರಾತ್ರಿ ಶಿಂಷಾ ದಡದಲ್ಲೇ ಕಳೆಯಿತು. ಮರುದಿನ ಎರಡು ಗಾಡಿಗಳೂ ಗಂಟೆ ಬಾರಿಸುತ್ತ ಮಳವಳ್ಳಿಯ ದಾರಿ ಹಿಡಿದವು. ಏರು ಬಂದಾಗ ಎತ್ತುಗಳಿಗೆ ಹೊರೆ ಇಳಿಸಲು ಎಲ್ಲರೂ ಇಳಿದು ನಡೆದರು. ಹೊಂಬಾಳಮ್ಮ ಏರು ಮುಗಿದ ಮೇಲೂ ಗಾಡಿ ಹತ್ತಲಿಲ್ಲ; ಮುಂದಿನ ಎತ್ತಿನ ಪಕ್ಕ ಅಂಕಯ್ಯನ ಜೊತೆ ನಡೆಯುತ್ತಲೇ ಇದ್ದಳು. ಅವನು ಕಬ್ಬಿನ ಮಾತಾಡಿದ, ಅವಳು ಶಾಲೆಯ ಮಾತಾಡಿದಳು. ಯಾವ ಮಾತೂ ಮುಖ್ಯವಾಗಿರಲಿಲ್ಲ. ಆದರೂ ದಾರಿ ಇಷ್ಟು ಬೇಗ ಸವೆಯಿತಲ್ಲ ಎಂದು ಇಬ್ಬರಿಗೂ ಅನ್ನಿಸಿತು.

ಮಳವಳ್ಳಿಯ ಛತ್ರದಲ್ಲಿ ತಂಗಿ, ಮಾರನೆಯ ದಿನ ಬೆಳಕವಾಡಿ ದಾಟಿ ಮಾವಿನ ತೋಪು ಸೇರಿದಾಗ ಕಾವೇರಿ ಅಗಲವಾಗಿ, ಸದ್ದಿಲ್ಲದೆ ಹೊಳೆಯುತ್ತಿತ್ತು. ಹುಡುಗಿಯರು ಈ ಸಲ ಡೇರೆಯನ್ನು ಒಂದೇ ಏಟಿಗೆ ನಿಲ್ಲಿಸಿದರು. ಮುದ್ದೆ ಅರೆಬೆಂದಿತ್ತು, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಂಥ ಊಟ ಜನ್ಮದಲ್ಲಿ ಮಾಡಿಲ್ಲವೆಂದು ಎಲ್ಲರೂ ಬೆರಳು ನೆಕ್ಕಿದರು.

ಮುಂಜಾನೆ ಮಂಜು ಇನ್ನೂ ನೀರಿನ ಮೇಲಿತ್ತು. ಹೊಂಬಾಳಮ್ಮ ಬಿಂದಿಗೆ ಹಿಡಿದು ಬಂದಾಗ ಅಂಕಯ್ಯ ಹೊಳೆಯ ಅಂಚಿನಲ್ಲಿ ಒಬ್ಬನೇ ನಿಂತಿದ್ದ. ಅವಳು ಸದ್ದು ಮಾಡದೆ ಪಕ್ಕದಲ್ಲಿ ನಿಂತಳು.

ಅವನು ಮೆಲ್ಲಗೆ ನೀರಿಗಿಳಿದ. ಬಗ್ಗಿ ಬೊಗಸೆ ತುಂಬ ನೀರು ಎತ್ತಿ, ಕಣ್ಣು ಮುಚ್ಚಿ, ಅಣ್ಣನನ್ನು ನೆನೆದು ಹೊಳೆಗೇ ಬಿಟ್ಟ. ಎದ್ದು ನಿಂತಾಗ ಕೆನ್ನೆ ಒದ್ದೆಯಾಗಿತ್ತು. ಮುಖ ಮಾತ್ರ ತಿಳಿಯಾಗಿತ್ತು.

"ನಾಕು ವರ್ಸದಿಂದ ಇವ್ಳ ಮ್ಯಾಲೆ ಮುನಿಸ್ಕಂಡಿದ್ದೆ" ಎಂದ, ಹೊಳೆಯನ್ನು ತೋರಿಸಿ. "ಸಾಕು ಅನ್ನುಸ್ತು."

ದಡಕ್ಕೆ ಬಂದವನು ಅವಳ ಕೈಯಿಂದ ಬಿಂದಿಗೆ ತೆಗೆದುಕೊಂಡ. ತುಂಬಿಸಲಿಲ್ಲ. ಸುಮ್ಮನೆ ಹಿಡಿದು ನಿಂತ.

"ಟೀಚರಮ್ಮ... ನಂಗೆ ಬಣ್ಣ ಅಚ್ಚಿ ಮಾತಾಡಕ್ಕೆ ಬರಾಕಿಲ್ಲ. ನೀವು ಪಕ್ಕದಲ್ಲಿದ್ರೆ ನಂಗೆ ದಿಗಿಲಾಗಾಕಿಲ್ಲ. ಅಷ್ಟೆಯ."

ಹೊಂಬಾಳಮ್ಮ ಎಷ್ಟೋ ದಿನದಿಂದ ಕೇಳಬೇಕೆಂದಿದ್ದ ಮಾತು ಬಂದೇಬಿಟ್ಟಿತ್ತು. ಆದರೂ ಅವಳು ಇನ್ನೊಂದು ಮಾತು ಹೇಳಲೇಬೇಕಿತ್ತು.

"ನಾನು ಶಾಲೆ ಬಿಡೋದಿಲ್ಲ."

"ಬುಡಿ ಅಂತ ಯಾರ್ ಅಂದ್ರು? ನಮ್ಮ ಮಾಯಿ ಓದ್ಬೇಕಲ್ಲ, ಅಂಗೇ ಊರ ಮಕ್ಳೆಲ್ಲ. ರೈಲದೆ, ಗಾಡಿ ಅದೆ. ಟೇಸನ್ಗೆ ದಿನಾ ನಾನೇ ಬಿಡ್ತೀನಿ."

"ಪ್ರತಿ ವರ್ಷ ಹೀಗೆ ಡೇರೆ ಕಟ್ಕೊಂಡು ಹೊರಡ್ತೀನಿ."

"ಬರೋ ವರ್ಸ ಎಲ್ಗೆ ಓಗಾನ, ಅದ್ನ ಏಳಿ."

ಅವಳು ತಲೆ ತಗ್ಗಿಸಿದಳು. ನಗು ತುಟಿಯಲ್ಲಿ ನಿಲ್ಲಲಿಲ್ಲ.

"ಅದನ್ನ ಆಮೇಲೆ ಯೋಚನೆ ಮಾಡೋಣ. ಮೊದಲು ಬಂಡೂರಿಗೆ ಬಂದು ನಮ್ಮವ್ವನ್ನ ಕೇಳಿ."

"ನಾಳೆ ವಾಪಸ್ ಓಗೋವಾಗ ಗಾಡಿ ಬಂಡೂರ ಕಡೆ ತಿರುಗ್ಸಾನ?"

"ನಾಳೆನಾ?" ಹೊಂಬಾಳಮ್ಮ ಕಣ್ಣರಳಿಸಿದಳು. "ಗಾಡಿ ತುಂಬ ಒಂಬತ್ತು ಹುಡುಗೀರನ್ನ ಕೂರಿಸ್ಕೊಂಡು ಯಾರಾದರೂ ಹೆಣ್ಣು ಕೇಳೋಕೆ ಹೋಗ್ತಾರಾ?"

ಅಂಕಯ್ಯ ಬಿಂದಿಗೆಯನ್ನು ನೀರಿಗದ್ದಿ ತುಂಬಿಸಿ, ಹೆಗಲಿಗೇರಿಸಿಕೊಂಡ.

"ನಿಮ್ಮವ್ವ ಒಪ್ದಿದ್ರೆ ಅಲ್ಲೇ ಅಂಗಳದಲ್ಲಿ ಡೇರೆ ಆಕ್ಬುಟ್ಟು ಕುಂತ್ಕಳಾಕೆ ಜನ ಬೇಕಲ್ಲ."